ಪಕ್ಕದ ಮಸೀದಿಯ ಸಾಹೇಬರು ನನಗೆ ಮಾಡಿದ ಅವಮಾನಗಳು

ಗೋವಿಂದರಾಜನಗರದಲ್ಲಿ ನನ್ನನ್ನು ಅತಿ ಹೆಚ್ಚು ಅವಮಾನಿಸಿದವರು ಯಾರೆಂದು ಕೇಳಿದರೆ ನಾನು ಕ್ಷಣವೂ ಯೋಚಿಸಬೇಕಾಗಿಲ್ಲ: ನಮ್ಮ ಪಕ್ಕದ ಮಸೀದಿಯನ್ನು ನೋಡಿಕೊಳ್ಳುವ ಸಾಹೇಬರು! ಬಾಂಗ್ ಕೂಗುವವರೂ ಅವರೇ, ಅಂಗಳ ಗುಡಿಸುವವರೂ ಅವರೇ, ಇಡೀ ಬೀದಿಯನ್ನು ತಿದ್ದುವ ಅಧಿಕಾರವನ್ನು ತಮಗೆ ತಾವೇ ದಯಪಾಲಿಸಿಕೊಂಡವರೂ ಅವರೇ.

ಮಸೀದಿಯ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳೆಲ್ಲ ರಸ್ತೆಗೆ ಮುಖ ಮಾಡಿರಬೇಕೆಂಬುದು ಅವರ ಶಾಸನ. ಇರಲಿ, ಅದು ಅವರ ಮಸೀದಿ. ಆದರೆ ನನ್ನ ಮನೆಯ ಮೆಟ್ಟಿಲ ಮೇಲಿನ ಚಪ್ಪಲಿಯನ್ನು ತಿರುಗಿಸಿಡಲು ಇವರಾರು?

"ಅರ್ಜೆಂಟಾಗಿ ಹೊರಟ್ರೆ ಸಲೀಸಾಗ್ಲಿ ಅಂತ, ಸಾರ್."

"ನಿವೃತ್ತನಿಗೆ ಯಾವ ಅರ್ಜೆಂಟು ಸಾಹೇಬರೇ?"

"ಅದೂ ನಿಜ," ಎಂದು ಮತ್ತೆ ಒಳಮುಖವಾಗಿ ತಿರುಗಿಸಿಟ್ಟು ಹೋದರು. ಆ ಒಪ್ಪಿಗೆಗಿಂತ ದೊಡ್ಡ ಅವಮಾನವುಂಟೇ!

ಎರಡನೆಯದು ಗೇಟಿನ ಪ್ರಕರಣ. ಬಾಂಗಿನ ಬಗ್ಗೆ ನಾನೆಂದೂ ತಕರಾರು ಹೇಳಿದವನಲ್ಲ. ತಕರಾರು ಬಂದದ್ದು ಆ ಕಡೆಯಿಂದ!

"ಸಾರ್, ನಾವು ನಮಾಜಿಗೆ ನಿಂತಾಗ್ಲೇ ನಿಮ್ ಗೇಟು ಅಳುತ್ತೆ. ಯಾರೋ ಹೋಗ್ಬಿಟ್ರು ಅಂತ ಎಲ್ರಿಗೂ ಎದೆ ಧಸಕ್ ಅನ್ನುತ್ತೆ!"

ನಾನು ತಕ್ಕ ಉತ್ತರವನ್ನು ಜೋಡಿಸುವಷ್ಟರಲ್ಲಿ ಎಣ್ಣೆ ಡಬ್ಬಿ ತಂದು ಕೀಲುಗಳಿಗೆ ಬಿಟ್ಟೇಬಿಟ್ಟರು. ನನ್ನ ಹೆಂಡತಿಯಾದರೂ ನನ್ನ ಪಕ್ಷ ವಹಿಸಿದಳೇ? "ಇವ್ರಿಗೆ ಎಷ್ಟು ವರ್ಷದಿಂದ ಬಡ್ಕೋತಾ ಇದೀನಿ ಅಣ್ಣಾ!" ಎಂದು ಶತ್ರುವಿಗೆ ಕಾಫಿ ಕೊಟ್ಟಳು. ಅಂದಿನಿಂದ ನಾನು ಮಸೀದಿಯ ಕಡೆಗೆ ತಲೆಯೆತ್ತಿಯೂ ನೋಡಲಿಲ್ಲ.

ಕಳೆದ ವರ್ಷ ಆಕೆ ಹೃದಯದ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆ ಸೇರಿದಳು. ಆಪರೇಷನ್ನಿನ ಹಿಂದಿನ ದಿನ ಕೇಳಿದ್ದು ಒಂದೇ: "ಮಸೀದಿ ಬಾಗಿಲಲ್ಲಿ ನೀರು ಊದಿಸ್ಕೊಂಡು ಬನ್ನಿ."

ಸಂಜೆಯ ನಮಾಜು ಮುಗಿಸಿ ಹೊರಬರುವವರು, ಬಾಗಿಲಲ್ಲಿ ಕಾದ ಮಕ್ಕಳ ಮೇಲೆ, ನೀರಿನ ಮೇಲೆ ಪ್ರಾರ್ಥನೆ ಹೇಳಿ ಊದುತ್ತಾರೆ. ಯಾರ ಜಾತಿಯನ್ನೂ ಕೇಳುವುದಿಲ್ಲ. ಕೂಸುಗಳನ್ನೆತ್ತಿಕೊಂಡ ಹೆಂಗಸರ ಸಾಲಿನಲ್ಲಿ ಬಾಟಲಿ ಹಿಡಿದು ನಿಂತೆ. ಬಂದವರೆಲ್ಲ ಊದಿ ಹೋದರು. ಕೊನೆಯಲ್ಲಿ ಬಂದ ಸಾಹೇಬರು ಹೌಹಾರಿದರು.

"ಏನ್ ಸಾರ್, ಮುಚ್ಚಳಾನೇ ತೆಗ್ದಿಲ್ವಲ್ಲ! ಊದಿದ್ದೆಲ್ಲಾ ಪ್ಲಾಸ್ಟಿಕ್ಕಿಗೆ ಹೋಯ್ತು!"

ಹೆಂಗಸರು ನಕ್ಕರು. ಆಮೇಲೆ ಮನೆಗೆ ಬಂದ ನನ್ನಾಕೆಯೂ ಇದನ್ನು ಕೇಳಿ, ಎದೆಯ ಹೊಲಿಗೆ ಒತ್ತಿಹಿಡಿದುಕೊಂಡು ನಕ್ಕಳು. ನಾನು ಆ ಎರಡು ನಗುವನ್ನೂ ಮರೆತಿಲ್ಲ.

ಹೆಂಗಸರ ನಗುವಿನ ನಡುವೆಯೇ ಮುಚ್ಚಳ ತಿರುಗಿಸಲು ಹೋದೆ. ತೆರೆಯುವ ಬದಲು ಇನ್ನಷ್ಟು ಬಿಗಿ ಮಾಡಿದೆ. ಸಾಹೇಬರು ನನ್ನ ಕೈಗಳನ್ನೇ ನೋಡಿದರು.

"ಯಾರಿಗೆ ಸಾರ್?"

"ಮನೆಯವಳಿಗೆ. ನಾಳೆ ಎದೆ ಕುಯ್ತಾರಂತೆ."

ಬಾಟಲಿಯನ್ನು ಕಸಿದುಕೊಂಡು ಮುಚ್ಚಳ ತೆಗೆದರು. ರಸ್ತೆಗಿಳಿದವರನ್ನು ಕೂಗಿದರು: "ಎಲ್ರೂ ವಾಪಸ್ ಬನ್ರಪ್ಪಾ! ನಮ್ಮಕ್ಕಂಗೆ!" ಬೈಕು ಹತ್ತಿದ್ದವರೂ ಇಳಿದು ಬಂದು, ಒಬ್ಬೊಬ್ಬರಾಗಿ ಊದಿದರು. ಕೊನೆಗೆ ಅವರೂ ಊದಿ, ಮುಚ್ಚಳ ಬಿಗಿದು, ಬಾಟಲಿಯನ್ನು ನನ್ನ ಕೈಗಿಟ್ಟರು.

ಬಳಿಕ, ನನ್ನ ಅನುಮತಿಯನ್ನೂ ಕೇಳದೆ, ನನ್ನ ಬೋಳುತಲೆಯ ಮೇಲೆ ಅಂಗೈಯಿಟ್ಟು ನನಗೂ ಒಮ್ಮೆ ಊದಿದರು.