ಬಸ್ಸಿನ ಹಿಂದೆ ನಮ್ಮ ಮಾವ

ಮಂತ್ರಿಗಳ ಕಾರಿಗೆ ಎಸ್ಕಾರ್ಟ್ ಇರುವುದನ್ನು ನೀವು ನೋಡಿರುತ್ತೀರಿ. ಸರ್ಕಾರಿ ಬಸ್ಸಿಗೆ ಎಸ್ಕಾರ್ಟ್ ಇರುವುದನ್ನು ನೋಡಿದ್ದೀರಾ? ಇಲ್ಲವಾದರೆ ಯಾವುದಾದರೂ ಸೋಮವಾರ ಬೆಳಿಗ್ಗೆ ಗುಂಡ್ಲುಪೇಟೆಗೆ ಬರಬೇಕಿತ್ತು. ಚಾಮರಾಜನಗರದ ಬಸ್ಸು ಸ್ಟ್ಯಾಂಡಿನಿಂದ ಹೊರಬೀಳುತ್ತಿದ್ದಂತೆ ಅದರ ಬಾಲ ಹಿಡಿದು ಒಂದು ಹಳೇ ಬಿಳಿ ಕಾರು ಹೊರಡುತ್ತಿತ್ತು. ಬಸ್ಸು ನಿಂತಲ್ಲಿ ಅದೂ ನಿಲ್ಲುತ್ತಿತ್ತು, ಬಸ್ಸು ಹೊರಟರೆ ಅದೂ ಹೊರಡುತ್ತಿತ್ತು. ಅದರೊಳಗೆ ಸ್ಟೀರಿಂಗನ್ನು ಅಪ್ಪಿಕೊಂಡು ಕೂತಿರುತ್ತಿದ್ದ ಗಂಭೀರ ವ್ಯಕ್ತಿಯೇ ನನ್ನ ಸೋದರಮಾವ. ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ, ಒಮ್ಮೆಯೂ ಹಿಂದೆ ತಿರುಗದೆ ಕೂತಿರುತ್ತಿದ್ದವರು ನನ್ನ ಅತ್ತೆ.

ಅತ್ತೆಯ ಅಕ್ಕನ ಮನೆ ಚಾಮರಾಜನಗರದಲ್ಲಿದೆ. ವಾರಕ್ಕೊಮ್ಮೆ ಗಂಡ ಹೆಂಡತಿ ಇಬ್ಬರೂ ಅಲ್ಲಿಗೆ ಹೋಗಬೇಕು. ಒಂದೇ ಮನೆಗೆ ಬೀಗ ಹಾಕಿ ಹೊರಟು ಒಂದೇ ಮನೆಯ ಚಾಪೆ ಮೇಲೆ ಕೂತು ಊಟ ಮಾಡುತ್ತಿದ್ದರು. ಮಧ್ಯದ ದಾರಿಯಲ್ಲಿ ಮಾತ್ರ ಅವರ್ಯಾರೋ ಇವರ್ಯಾರೋ!

ಕಂಡಕ್ಟರಿಗೆ ಇದೊಂದು ದೊಡ್ಡ ತಲೆನೋವು.

"ಅಮ್ಮೋ, ನಿಮ್ಮೆಜಮಾನ್ರು ಇಂದ್ಗಡೆ ಬತ್ತಾವ್ರೆ. ಅವ್ರ್ ಕಾರ್ ಖಾಲಿ ಅದೆ, ನಮ್ ಬಸ್ಸು ರಷ್ ಅದೆ. ಅಲ್ಲಿಗೇ ಓಗ್ಬಾರ್ದಾ?"

"ಎಂಗಸ್ರಿಗೆ ಫ್ರೀ ಅಂತ ಸರ್ಕಾರ್ವೇ ಬುಟ್ಟದೆ. ಮಧ್ಯದಲ್ಲಿ ನಿಂದೇನಪ್ಪ?"

ತೆರಕಣಾಂಬಿಯಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತರೆ ಸಾಕು, ಮಾವ ಕಾರಿನಿಂದ ಧುಮುಕಿ ಬಿಸಿ ಮೆಣಸಿನಕಾಯಿ ಬಜ್ಜಿಯ ಪೊಟ್ಟಣ ಹಿಡಿದು ಬಸ್ಸಿನ ಕಿಟಕಿಗೆ ಓಡುತ್ತಿದ್ದರು. ಅತ್ತೆ ಮುಖ ಆ ಕಡೆ ಇಟ್ಟುಕೊಂಡೇ ಕೈ ಮಾತ್ರ ಈ ಕಡೆ ಚಾಚಿ ಪೊಟ್ಟಣ ತೆಗೆದುಕೊಳ್ಳುತ್ತಿದ್ದರು. ಕಾರಿನ ಮೇಲೆ ಕೋಪ ಸರಿ, ಬಜ್ಜಿ ಏನು ತಪ್ಪು ಮಾಡಿತ್ತು?

ಈ ಕೋಪದ ಮೂಲ ಒಂದು ವಿದ್ಯುತ್ ಕಂಬ. ಮಾವ ಲೈನ್‌ಮನ್ ಆಗಿದ್ದವರು. ಹಂಗಳದಿಂದ ಹಿಡಿದು ತೆರಕಣಾಂಬಿ ದಾಟುವವರೆಗೂ ಅವರು ಹತ್ತದ ಕಂಬವಿಲ್ಲ. ಹಂಗಳದ ಕಡೆ ಆನೆ ಮೈ ಉಜ್ಜಿ ವಾಲಿಸಿದ ಕಂಬಗಳನ್ನು ಮಕ್ಕಳನ್ನು ಎಬ್ಬಿಸಿ ನಿಲ್ಲಿಸುವ ಹಾಗೆ ನಿಲ್ಲಿಸಿದವರು. ರಿಟೈರಾದರು ನಿಜ, ಆದರೆ ಕಣ್ಣು ರಿಟೈರಾಗಲಿಲ್ಲ. ಅವರ ಕಾರಿನಲ್ಲಿ ಕೂತವರಿಗೆ ಆಚೀಚೆಯ ಅರಿಸಿನದ ಹೊಲ, ಕೇರಳದವರು ಇಳಿದಿಳಿದು ಫೋಟೋ ತೆಗೆಯುವ ಚೆಂಡು ಹೂವಿನ ತೋಟ ಯಾವುದೂ ಕಾಣಿಸುವಂತಿರಲಿಲ್ಲ. "ನೋಡ್ಲಾ, ಆ ಇನ್ಸುಲೇಟರ್ ಸೀಳ್ಬುಟ್ಟದೆ. ಏ, ಈ ತಂತಿ ಮ್ಯಾಲೆ ಬಳ್ಳಿ ಅಬ್ಬದೆ, ಯಾವ ಸೋಂಬೇರಿ ಇವನು!" ಎಂದು ತಲೆ ಮೇಲೆತ್ತಿ ಉಪನ್ಯಾಸ ಕೊಡುತ್ತಲೇ ಕಾರು ಓಡಿಸುತ್ತಿದ್ದರು. ರಸ್ತೆ ನೋಡುವ ಕೆಲಸವನ್ನು ಪಕ್ಕದಲ್ಲಿ ಕೂತವರು ವಹಿಸಿಕೊಳ್ಳಬೇಕಿತ್ತು!

ಮೂರು ವರ್ಷದ ಹಿಂದೆ, ತೆರಕಣಾಂಬಿ ದಾಟಿದ ಮೇಲೆ, ಮಾವ ತಾವೇ ನೆಡಿಸಿದ ಒಂದು ಕಂಬವನ್ನು ಪ್ರೀತಿಯಿಂದ ನೋಡುತ್ತಾ ನೋಡುತ್ತಾ ಹೋಗಿ ಅದಕ್ಕೇ ಗುದ್ದಿದರು. ಕಂಬ ವಾಲಿತು. ಕಾರಿನ ಮೂತಿ ಒಳಗೆ ಹೋಯಿತು. ಅತ್ತೆಯ ಬಲಗೈ ಮುರಿಯಿತು. ಮಾವ ಕೆಳಗಿಳಿದು, ಸೊಂಟದ ಮೇಲೆ ಕೈಯಿಟ್ಟು, ತಲೆ ಎತ್ತಿ ತಂತಿ ನೋಡಿ, ಸಮಾಧಾನದಿಂದ ಹೇಳಿದರಂತೆ: "ಲೈನ್‌ಗೇನೂ ಆಗಿಲ್ಲ ಬುಡು!"

ಕಾರಿನೊಳಗಿಂದ ಅತ್ತೆ ಕೂಗಿದರಂತೆ: "ನನ್ ಕೈ ಮುರ್ದದೆ! ನೀವು ಕಂಬ ನೋಡ್ತಾ ನಿಂತಿದ್ದೀರಲ್ಲ! ನೀವು ಕಾರ್ ಬುಡದ ಸರ್ಯಾಗಿ ಕಲಿಯೋಗಂಟ ನಿಮ್ ಕಾರ್ಗೆ ಕಾಲಿಡಕಿಲ್ಲ, ನನ್ನಾಣೆ!"

ಮೂವತ್ತು ವರ್ಷದಿಂದ ಸ್ಟೀರಿಂಗ್ ಹಿಡಿದವರು ಹೊಸದಾಗಿ ಎಲ್ಲಿ ಹೋಗಿ ಕಲಿಯಬೇಕು? ಗುಂಡ್ಲುಪೇಟೆಯ ಡ್ರೈವಿಂಗ್ ಸ್ಕೂಲಿಗೆ ಹೋದರು. ಅಲ್ಲಿನವನು ಎದ್ದು ನಿಂತು ಕೈ ಮುಗಿದ. "ಅಣ್ಣ, ನಂಗೆ ಮೊದ್ಲು ಗೇರ್ ಆಕದ ತೋರ್ಸಿದ್ದೇ ನೀವು. ನಾನೇನ್ ಏಳ್ಕೊಡ್ಲಿ?" ಟೀ ಕುಡಿಸಿ ವಾಪಸ್ ಕಳಿಸಿದ. ಮಾವ ಮೂರು ವರ್ಷ ಬಸ್ಸಿನ ಹೊಗೆ ಕುಡಿದರು.

ಕೊನೆಗೆ ಮೊಬೈಲಿನಲ್ಲಿ ಒಂದು ವಿಡಿಯೋ ಕಂಡಿತು. ಕೊಯಮತ್ತೂರಿನ ಕಡೆ ಒಂದು ರೇಸ್ ಟ್ರ್ಯಾಕ್, ಅಲ್ಲಿ ಒಂದು ದಿನದ ಸುಧಾರಿತ ಚಾಲನಾ ತರಬೇತಿ! "ಇದ್ಕಿಂತ ಮ್ಯಾಲಿನ ಇಸ್ಕೂಲು ಇಲ್ಲ ಕಣ್ಲಾ. ಇಲ್ಲಿ ಕಲ್ತ್ಮೇಲೆ ನಿಮ್ಮತ್ತೆ ಏನಂದಾಳು? ನಡಿ ಓಗನ" ಎಂದು ನನ್ನನ್ನೂ ಹೊರಡಿಸಿದರು. ದಿಂಬಂ ಘಾಟಿ ಇಳಿಯುವಾಗ ಕಂಬಗಳನ್ನು ಅವರು ನೋಡಿದರು, ಪ್ರಪಾತವನ್ನು ನಾನು ನೋಡಿದೆ.

ಟ್ರ್ಯಾಕಿನಲ್ಲಿ ಕಿವಿಗೆ ಓಲೆ ಹಾಕಿದ ಹುಡುಗರು, ನೆಲಕ್ಕೆ ಅಂಟಿಕೊಂಡಂಥ ಕಾರುಗಳು. ನಮ್ಮ ಮಾವ ಆ ಕಾರುಗಳ ನಡುವೆ ತಮ್ಮ ಬಿಳಿ ಕಾರು ನಿಲ್ಲಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ರೇಸ್ ಟ್ರ್ಯಾಕಿನ ಮೇಲೆ ತೆಂಗಿನಕಾಯಿ ಒಡೆದರು. ಹುಡುಗರು ಓಡಿ ಬಂದು ಕಾಯಿಚೂರು ತಿಂದರು. ಅಲ್ಲಿಯವರೆಗೂ ಎಲ್ಲ ಚೆನ್ನಾಗಿಯೇ ಇತ್ತು.

ತರಬೇತುದಾರ ಹೊಸೂರಿನ ಕಡೆಯವನು, ಕನ್ನಡ ಬಲ್ಲವನು. ಮಾವನ ಪಕ್ಕ ಅವನು, ಹಿಂದೆ ನಾನು, ಮೂವರ ತಲೆಗೂ ಹೆಲ್ಮೆಟ್. ಮೊದಲ ತಿರುವಿನಲ್ಲೇ ಒಬ್ಬ ಆಸಾಮಿ ಹಳದಿ ಬಾವುಟ ಬೀಸುತ್ತಿದ್ದ. ಹಳದಿ ಕಂಡರೆ ನಿಧಾನಿಸಬೇಕೆಂದು ಬೆಳಗಿನ ಪಾಠದಲ್ಲಿ ಹೇಳಿದ್ದರು. ಮಾವ ನಿಧಾನಿಸಿದರು. ನಿಧಾನಿಸಿ ನಿಧಾನಿಸಿ ಅವನ ಎದುರಿಗೇ ನಿಲ್ಲಿಸಿ ನನಗೆ ಹೇಳಿದರು: "ಬಾಗ್ಲು ತಗಿಲಾ, ಅತ್ಕೊಳ್ಳಿ."

"ಸಾರ್, ಯಾಕೆ ನಿಲ್ಲಿಸಿದಿರಿ?" ತರಬೇತುದಾರ ಚೀರಿದ. ಹಿಂದೆ ಬರುತ್ತಿದ್ದ ಕಾರುಗಳೆಲ್ಲ ಕಿರ್ರೆಂದು ನಿಂತವು.

"ಬಿಸ್ಲಲ್ಲಿ ನಿಂತವ್ನೆ ಪಾಪ. ಕೈ ಅಡ್ಡ ಆಕ್ದೋನ ಬುಟ್ಬುಟ್ಟು ಓಗಕ್ಕಾದದಾ?"

ನಮ್ಮ ಕಡೆಯ ರಸ್ತೆಯಲ್ಲಿ ಕೈ ಅಡ್ಡ ಹಾಕಿದವರನ್ನು ಬಿಟ್ಟು ಹೋದರೆ ಮುಂದಿನ ಊರಿನಲ್ಲಿ ಮರ್ಯಾದೆ ಉಳಿಯುವುದಿಲ್ಲ. ಇದನ್ನು ತರಬೇತುದಾರನಿಗೆ ಹೇಗೆ ವಿವರಿಸುವುದು? ಆ ಆಸಾಮಿಯಂತೂ ಬಾವುಟ ಬೀಸುವುದನ್ನೇ ಮರೆತು ತಮಿಳಿನಲ್ಲಿ ಯಾರನ್ನೋ ಕರೆಯುತ್ತಿದ್ದ. ಮುಂದಿನ ತಿರುವಿನಲ್ಲಿ ಇನ್ನೊಬ್ಬ ನಿಂತಿದ್ದ. ಮಾವ ಅವನಿಗೂ ನಿಲ್ಲಿಸಿದರು!

ಆಮೇಲೆ ನೀರು ಬಿಟ್ಟ ರಸ್ತೆಯಲ್ಲಿ ಬ್ರೇಕ್ ಹಾಕುವ ಪಾಠ. "ನೀರ್ ಬುಟ್ರೆ ಜಾರ್ತದೆ ಅನ್ನದ ತಿಳ್ಕಳಕ್ಕೆ ಘಾಟಿ ಇಳ್ದು ಬರ್ಬೇಕಾಗಿತ್ತಾ?" ಎಂದು ಮಾವ ಮುಖ ಸಿಂಡರಿಸಿದರು. ಅವರ ಅಸಮಾಧಾನಕ್ಕೆ ನಿಜವಾದ ಕಾರಣ ಬೇರೆ ಇತ್ತು. ಅಷ್ಟು ಅಗಲದ, ಅಷ್ಟು ನುಣುಪಾದ ರಸ್ತೆಯ ಪಕ್ಕದಲ್ಲಿ ಅವರಿಗೆ ಒಂದು ಕಂಬವೂ ಸಿಕ್ಕಿರಲಿಲ್ಲ.

ಮಧ್ಯಾಹ್ನ ಸಿಕ್ಕಿತು. ರಸ್ತೆ ಕೆಲಸದವರು ಇಡುವಂಥ ಕಿತ್ತಳೆ ಬಣ್ಣದ ಟೋಪಿಗಳನ್ನು ಸಾಲಾಗಿಟ್ಟು ಅವುಗಳ ನಡುವೆ ಹಾವಿನಂತೆ ಕಾರು ಓಡಿಸಬೇಕಿತ್ತು. ಮಾವ ಎರಡು ಟೋಪಿ ದಾಟಿದರು. ಮೂರನೆಯದನ್ನು ಮಲಗಿಸಿದರು. ಆಮೇಲೆ ಸಾಲನ್ನೇ ಬಿಟ್ಟು, ಮೈದಾನ ಸೀಳಿಕೊಂಡು, ಬೇಲಿಯ ಕಡೆ ನೇರ ಹೊರಟರು. ತರಬೇತುದಾರ ಹ್ಯಾಂಡ್‌ಬ್ರೇಕ್ ಎಳೆಯದಿದ್ದರೆ ಈ ಪ್ರಬಂಧ ಬರೆಯಲು ನಾನಿರುತ್ತಿರಲಿಲ್ಲ.

"ಸಾರ್, ಅಲ್ಲಿ ಏನಿದೆ?"

ಮಾವ ಬೇಲಿಯಾಚೆಯ ಕಂಬವನ್ನು ಬೆರಳು ಚಾಚಿ ತೋರಿಸಿದರು. "ಅದ್ರ ಎಳ್ಕಟ್ಟು ತಂತಿ ಸಡ್ಲ ಆಗ್ಬುಟ್ಟದೆ ಕಣಪ್ಪ. ಗಾಳಿ ಬಂದ್ರೆ ಬಿದ್ದೋಯ್ತದೆ."

ಆ ಹುಡುಗ ಬಯ್ಯಲಿಲ್ಲ. ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಂಡು ಹೇಳಿದ: "ಸಾರ್, ಎತ್ತಿನ ಗಾಡಿಯಾದರೆ ನೀವು ಎಲ್ಲಿ ನೋಡಿದರೂ ಎತ್ತು ದಾರಿ ಹಿಡಿದು ಹೋಗುತ್ತೆ. ಕಾರು ಹಾಗಲ್ಲ. ನಿಮ್ಮ ಕಣ್ಣು ಎಲ್ಲಿ ಹೋಗುತ್ತೋ ಕೈ ಅಲ್ಲಿಗೆ ತಿರುಗುತ್ತೆ, ಕಾರೂ ಅಲ್ಲಿಗೇ ಹೋಗುತ್ತೆ."

"ಯಾವಾಗ್ಲೂವಾ?"

"ಯಾವಾಗಲೂ ಸಾರ್."

ಮಾವ ಎಂಜಿನ್ ಆಫ್ ಮಾಡಿದರು. ಸಂಜೆ ಎಲ್ಲರಿಗೂ ಕೊಟ್ಟ ಹಾಗೆ ಅವರಿಗೂ ಒಂದು ಸರ್ಟಿಫಿಕೇಟ್ ಕೊಟ್ಟರು. ಘಾಟಿ ಹತ್ತುವಾಗ ಒಂದು ಇನ್ಸುಲೇಟರಿನ ಸುದ್ದಿಯೂ ಬರಲಿಲ್ಲ. ಬಿಸಿಲು ತಲೆಗೆ ಹತ್ತಿರಬೇಕೆಂದು ನನಗೆ ನಿಜಕ್ಕೂ ಭಯವಾಯಿತು.

ಅತ್ತೆ ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಕಾಗ್ದ ಗಟ್ಟಿಯಾಗ್ ಅದೆ" ಎಂದು ಮೆಚ್ಚಿ ಮಜ್ಜಿಗೆ ಪಾತ್ರೆಗೆ ಮುಚ್ಚಿದರು. ಸೋಮವಾರ ಬೆಳಿಗ್ಗೆ ಬ್ಯಾಗು ಹಿಡಿದು ಬಸ್ ಹತ್ತಿದರು.

ಆ ದಿನ ನಾನೂ ಮಾವನ ಕಾರಿನಲ್ಲಿದ್ದೆ. ಬಸ್ಸು ಹೊರಡುವ ಮುಂಚೆ ಮಾವ ಇಳಿದು ಅತ್ತೆಯ ಕಿಟಕಿಯ ಕೆಳಗೆ ಹೋಗಿ ನಿಂತರು. ಕೈಯಲ್ಲಿ ಬಜ್ಜಿ ಇರಲಿಲ್ಲ.

"ನಾವ್ ನೋಡ್ದ ಕಡೆಗೇ ಕಾರ್ ಓಯ್ತದಂತೆ ಕಣಮ್ಮಿ. ಅವತ್ತು ನಾನು ಕಂಬ ನೋಡ್ಬುಟ್ಟೆ. ಗುದ್ದುದ್ಮೇಲೂ ಕಂಬ್ವೇ ನೋಡ್ದೆ, ನಿನ್ನ ನೋಡ್ನಿಲ್ಲ. ತಪ್ಪಾಯ್ತು."

ಬಸ್ಸಿಗೆ ಬಸ್ಸೇ ಕೇಳಿಸಿಕೊಳ್ಳುತ್ತಿತ್ತು. ಕಂಡಕ್ಟರ್ ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಊದಲಿಲ್ಲ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಎದ್ದು, ಜನರನ್ನು ಸರಿಸಿಕೊಂಡು ಕೆಳಗಿಳಿದರು.

"ಇಂದಿನ್ ಸೀಟ್ನಲ್ಲಿ ಕೂತ್ಕತೀನಿ. ಅಷ್ಟೇಯಾ."

"ಅಮ್ಮೋ, ಫ್ರೀ ಟಿಕೆಟ್ಟು ವೇಸ್ಟಾಯ್ತಲ್ಲ!" ಎಂದು ಕಂಡಕ್ಟರ್ ಕೂಗಿದ.

ತೆರಕಣಾಂಬಿಯಲ್ಲಿ ಬಜ್ಜಿ ಕಟ್ಟಿಸಿಕೊಂಡೆವು. ಊರು ದಾಟಿದ ಕೂಡಲೇ ಅತ್ತೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು. ದೂರದಲ್ಲಿ ಆ ಕಂಬ ಕಂಡಿತು. ಇನ್ನೂ ವಾಲಿಕೊಂಡೇ ಇತ್ತು, ಮೇಲೆ ಹಂಬು ಬೇರೆ ಹಬ್ಬಿತ್ತು. ನನಗೇ ನೋಡದೆ ಇರಲಾಗಲಿಲ್ಲ. ಮಾವನ ಕತ್ತಿನ ನರಗಳು ಬಿಗಿದಿದ್ದವು, ಹಣೆಯಲ್ಲಿ ಬೆವರು ಹರಿಯುತ್ತಿತ್ತು. ಕಣ್ಣು ಮಾತ್ರ ರಸ್ತೆಯಿಂದ ಅಲುಗಲಿಲ್ಲ. ಕಂಬ ಪಕ್ಕಕ್ಕೆ ಬಂದು, ಹಿಂದಕ್ಕೆ ಸರಿದು ಹೋಯಿತು.

"ಆ ಕಂಬ ಬಂತಾ?" ಅತ್ತೆ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಗೊತ್ತಿಲ್ಲ ಕಣಮ್ಮಿ. ನಾ ನೋಡ್ನಿಲ್ಲ."

ತನ್ನ ಜೀವಮಾನದಲ್ಲಿ ಒಂದು ಕಂಬವನ್ನೂ ಮಾತಾಡಿಸದೆ ದಾಟಿರದ ಮನುಷ್ಯ ಹೇಳಿದ ಮಾತು ಅದು. ಅತ್ತೆ ಕಣ್ಣು ಬಿಟ್ಟು ಹಿಂದಿನ ಗಾಜಿನಾಚೆ ದೂರವಾಗುತ್ತಿದ್ದ ಕಂಬವನ್ನು ನೋಡಿದರು. ಆಮೇಲೆ ಪೊಟ್ಟಣ ಬಿಚ್ಚಿ, ಮುರಿದು ಕೂಡಿದ ಆ ಬಲಗೈಯನ್ನೇ ಮುಂದೆ ಚಾಚಿ, ಮಾವನ ಬಾಯಿಗೆ ಒಂದು ಬಜ್ಜಿ ಇಟ್ಟರು.

ಮಾವ ತಿರುಗಿ ನೋಡಹೋದರು.

"ನನ್ನ ನೋಡಿದ್ದು ಸಾಕು," ಎಂದರು ಅತ್ತೆ. "ರಸ್ತೆ ನೋಡಿ."