ಎದೆಯ ಡಾಕ್ಟರು ಹಲ್ಲಿಗೆ ಕಳಿಸಿದ ಟರ್ನರ್

ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದವರು ಹಲ್ಲನ್ನಷ್ಟೇ ತೋರಿಸಿ ಹೋಗುವುದಿಲ್ಲ. ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲದಲ್ಲಿ, ಟಿ. ದಾಸರಹಳ್ಳಿಯ ನನ್ನ ಕ್ಲಿನಿಕ್ಕಿನಲ್ಲಿ ಇಂಥದ್ದು ಏನಾದರೊಂದು ನಡೆಯುತ್ತಲೇ ಇತ್ತು. ಒಬ್ಬರದನ್ನು ಮಾತ್ರ ಇವತ್ತಿಗೂ ನೆನೆದು ನಗುತ್ತೇನೆ.

ಬಾಡಿಗೆದಾರರು

ಅವರು ಬಾಗಲಕೋಟೆ ಕಡೆಯವರು, ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮೇಲೆ ಲೋಹ ಕಡೆಯುವ ಟರ್ನರ್. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಹೃದಯದ ಕವಾಟ ಕೆಟ್ಟಿತ್ತು. ಬದಲಾಯಿಸದಿದ್ದರೆ ಜೀವಕ್ಕೇ ಅಪಾಯ. ಹೆಂಡತಿಯ ಜೊತೆ ಬಂದವರೇ ಕೇಳಿದರು:

"ಡಾಕ್ಟರ್ರ, ನಂಗ ಎದಿ ಬ್ಯಾನಿ. ಎದಿ ಡಾಕ್ಟರ್ ಸಾಹೇಬ್ರು ಮೊದ್ಲ ಹಲ್ಲು ತೋರಿಸ್ಕೊಂಡು ಬಾ ಅಂದಾರ. ನನ್ನ ಕಥಿ ಮುಗದೈತಿ ಅಂತ ಸಾಗಹಾಕ್ಯಾರೇನ್ರಿ?"

ಬಾಯಿ ನೋಡಿದೆ. ಒಸಡು ಊದಿ ಕೀವಾಗಿತ್ತು. "ಈ ಕೀವಿನ ಕ್ರಿಮಿಗಳು ರಕ್ತಕ್ಕೆ ಸೇರಿ ಹೋಗಿ ಕವಾಟದ ಮೇಲೆ ಕೂರ್ತವೆ. ಹೊಸ ಕವಾಟ ಹಾಕಿದ್ರೆ ಅದನ್ನೂ ಕೆಡಿಸ್ತವೆ. ಅದಕ್ಕೇ ಮೊದಲು ಒಸಡು ವಾಸಿಯಾಗ್ಬೇಕು" ಎಂದೆ.

ಅವರು ಎದೆ ಮುಟ್ಟಿಕೊಂಡು, "ನಾನ ಬಾಡಿಗಿ ಮನ್ಯಾಗ ಅದೀನ್ರಿ. ನನ್ನೊಳಗ ಇವ್ರು ಬಿಟ್ಟಿ ಸಂಸಾರ ಹೂಡ್ಯಾರಲ್ರಿ!" ಅಂದರು.

ಓನರ್ ಅಮ್ಮ

ಮುಂದಿನ ಸಲ ಅವರ ಮನೆ ಓನರ್ ಅಮ್ಮನೂ ಬಂದರು, ಊರಿನ ಹಳೇ ಮನೆತನದವರು. ಬ್ರಷ್ ಮಾಡಿದರೆ ರಕ್ತ ಬರುತ್ತೆಂದು ಟರ್ನರ್ ಉಜ್ಜುವುದನ್ನೇ ಬಿಟ್ಟಿದ್ದರು. ಸಲಹೆ ಈ ಅಮ್ಮನದು: "ಮೊದ್ಲೇ ಆರ್ಟ್ ಪೇಶೆಂಟು, ಇರೋ ರಕ್ತನೂ ಓಗ್ಬುಟ್ರೆ ಅಂತ ನಾನೇ ಬ್ಯಾಡ ಅಂದೆ ಕಣಮ್ಮ."

"ಉಜ್ಜದೇ ಇರೋದಕ್ಕೇ ರಕ್ತ ಬರೋದಮ್ಮ" ಎಂದೆ.

ಅವರ ಮುಖ ಸಣ್ಣದಾಯಿತು. ಮಾತು ಬದಲಿಸಲೆಂದು ಕೇಳಿದೆ, "ನಿಮ್ಮ ಯಜಮಾನ್ರಿಗೂ ಹೀಗೇ ಹೇಳಿದ್ರಾ?"

"ಅವ್ರಿಗ್ಯಾಕೆ ಏಳ್ಲಿ? ಉಜ್ಜಿ ಅಂದ್ರೂ ಉಜ್ಜಲ್ಲ!"

ಬಾಗಿಲಾಚೆ

ಹೃದಯದ ಡಾಕ್ಟರು ಹೇಳಿದ ಮಾತ್ರೆ ಮೊದಲೇ ಕೊಟ್ಟು, ಅಲುಗಾಡುವ ಹಲ್ಲು ಕಿತ್ತು, ಒಸಡು ಸ್ವಚ್ಛ ಮಾಡುತ್ತಾ ಬಂದೆ. ಕೊನೆಯ ದಿನ ಟರ್ನರ್ ಹೆಂಡತಿಯನ್ನು ಹೊರಗೆ ಕೂರಿಸಿ ಮೆಲ್ಲಗೆ ಕೇಳಿದರು: "ಆಪರೇಶನ್‌ನ್ಯಾಗ ಏನರ ಆದ್ರ, ನೀವು ಮಾಡಿದ್ದೆಲ್ಲಾ ದಂಡ ಅಲ್ರಿ?"

ಕೈಯಲ್ಲಿದ್ದ ಕನ್ನಡಿ ಕೆಳಗಿಟ್ಟೆ.

ಬಾಗಿಲಾಚೆಯಿಂದ ನಡುಗುವ ದನಿ ಬಂತು: "ನನ್ನ ಹೊರಗ ಕುಂದ್ರಿಸಿದ್ರ ಕಿವೀನೂ ಹೊರಗ ಕುಂದರ್ತಾವೇನು? ಮೊದ್ಲ ಹೊಳ್ಳಿ ಬರ್ರಿ. ದಂಡ ಆತೋ ಇಲ್ಲೋ ಆಮ್ಯಾಲೆ ಜಗಳಾಡೋಣು!"

ಸಪ್ಪಳ

ಆಪರೇಶನ್ ಸುಸೂತ್ರವಾಯಿತು. ಕೆಲವು ತಿಂಗಳ ಮೇಲೆ ಒಸಡು ತೋರಿಸಲು ಬಂದರು. ಬಾಯಿ ತೆರೆಸಿದೆ. ಒಳಗಿನಿಂದ 'ಟಿಕ್, ಟಿಕ್' ಕೇಳಿತು. ಲೋಹದ ಕವಾಟ ಬಡಿಯುವ ಸದ್ದು. ಬಾಯಿ ತೆರೆದರೆ ಇನ್ನೂ ಸ್ಪಷ್ಟ.

"ನಿದ್ದೆಗೆ ತೊಂದರೆ ಆಗಲ್ವಾ?" ಎಂದು ಹೆಂಡತಿಯನ್ನು ಕೇಳಿದೆ.

"ಇಲ್ರಿ, ಅದು ಕೇಳಿದ್ರನ ನಿದ್ದಿ ಹತ್ತೂದು" ಎಂದು ಕಣ್ಣೊರೆಸಿಕೊಂಡರು. ಆಮೇಲೆ ದನಿ ಬದಲಾಯಿತು. "ಇನ್ನೊಂದು ಅನುಕೂಲ ಆಗೇತ್ರಿ. ಸುಳ್ಳು ಹೇಳಿದ್ರ ಸಪ್ಪಳ ಜಲ್ದಿ ಆಗ್ತೈತಿ. ಕದ್ದು ತಂಬಾಕು ಹಾಕ್ಕೊಂಡಿದ್ದು ಹಂಗ ಸಿಕ್ಕಿತು."

ನಾನು ಗಂಡನತ್ತ ತಿರುಗಿದೆ. "ಈಗಲೂ ಹಾಕ್ತೀರಾ?"

"ಇಲ್ರೀ, ಪೂರ್ತಿ ಬಿಟ್ಟೀನ್ರಿ" ಅಂದರು.

ಟಿಕ್‌ಟಿಕ್‌ಟಿಕ್‌ಟಿಕ್‌ಟಿಕ್.