ಅತ್ತೆಯ ಕಾಲೂ ಬಚ್ಚಲ ಮ್ಯಾಟೂ

ಬ್ಯಾಂಕ್ ಕೆಲಸದವರಿಗೆ ವರ್ಗಾವಣೆ ಹೇಗೆ ತಪ್ಪುವುದಿಲ್ಲವೋ ಹಾಗೆ ನಮ್ಮ ಮನೆಗೆ ಬಚ್ಚಲ ಮ್ಯಾಟಿನ ರಗಳೆ ತಪ್ಪುವುದಿಲ್ಲ. ಊರು ಬದಲಾದರೆ ರಗಳೆಯೂ ಸಾಮಾನಿನ ಲಾರಿ ಹತ್ತಿ ಜೊತೆಗೇ ಬರುತ್ತದೆ.

ಹಾಸನದಲ್ಲಿ ನಮ್ಮ ಅತ್ತೆಯ ತಂಗಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶುರುವಾಗಿದ್ದು ಅಲ್ಲಿಂದ. ಆಗ ನಾನು ವಿಶಾಖಪಟ್ಟಣದ, ಅಂದರೆ ವೈಜಾಗಿನ, ಶಾಖೆಯಲ್ಲಿ ಆಫೀಸರ್. ಅತ್ತೆ ನಮ್ಮ ಜೊತೆಗಿದ್ದರು. ಎಪ್ಪತ್ತು ದಾಟಿದೆ, ಎಲುಬು ಸವೆದಿದೆ, ಬಿದ್ದರೆ ಏಳುವುದು ಕಷ್ಟ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಸುದ್ದಿ ಕೇಳಿ ಬೆವೆತುಹೋದ ನಮ್ಮ ಯಜಮಾನರು ಅವತ್ತೇ ಸಂಜೆ ಒಂದು ಮ್ಯಾಟು ಸುತ್ತಿಕೊಂಡು ಬಂದರು.

ನನ್ನ ಅಭಿಪ್ರಾಯ ಅವತ್ತೂ ಒಂದೇ, ಇವತ್ತೂ ಒಂದೇ. ಬಕೆಟ್ ಇಟ್ಟರೆ ಮನುಷ್ಯ ಗೋಡೆಗೆ ಅಂಟಿ ನಿಲ್ಲಬೇಕಾದ ಬಚ್ಚಲಿಗೆ ಮ್ಯಾಟು ಬೇಡ. ವೈಪರ್ ಎಳೆದು ನೆಲ ಒಣಗಿಸಿ, ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ ಹಾಕಿಸಿದರೆ ಮುಗಿಯಿತು.

"ನಿನಗೇನು, ಬಿದ್ರೆ ನಮ್ಮಮ್ಮ ತಾನೇ" ಎಂದರು ಯಜಮಾನರು. ಮ್ಯಾಟು ಬಚ್ಚಲ ಬಾಗಿಲಿನ ಮುಂದೆ ಬಿತ್ತು.

ಹೊಸ ಡಿಸೈನಿನ ಹಪ್ಪಳ

ವೈಜಾಗಿನ ಕಡಲ ಗಾಳಿಗೆ ಆ ಬಟ್ಟೆ ಮ್ಯಾಟು ಒಣಗಿದ್ದೇ ಇಲ್ಲ. ಅದರ ವಾಸನೆ ಹಿಡಿದು ಪಕ್ಕದ ಮನೆಯ ಬೆಕ್ಕು ನಮ್ಮಲ್ಲಿ ಮೀನು ಹುಡುಕತೊಡಗಿದ ಮೇಲೆ ಯಜಮಾನರು ಸೋತು, ರಬ್ಬರಿನದು ತಂದರು. ಅದರ ಮೈತುಂಬ ಸಾಲುಸಾಲು ಗುಬುಟು.

ಅದನ್ನೊಂದು ದಿನ ತೊಳೆದು ಬಾಲ್ಕನಿಯ ಕಂಬಿಗೆ ಹಾಕಿದ್ದರು. ಗಾಳಿ ಬೀಸಿತು. ಕೆಳಗೆ ಓನರ್ ಆಂಟಿ ಮಂಚದ ಮೇಲೆ ಹಸಿ ಸಬ್ಬಕ್ಕಿ ಹಪ್ಪಳ ಒಣಹಾಕಿ ಒಳಗೆ ಹೋಗಿದ್ದರು. ಮ್ಯಾಟು ನೇರ ಆ ಹಪ್ಪಳಗಳ ಮೇಲೆ ಹೋಗಿ ಮಲಗಿತು. ಯಜಮಾನರು ಓಡಿ ಹೋಗಿ, ಸದ್ದಿಲ್ಲದೆ ಎತ್ತಿಕೊಂಡು, ಏನೂ ಆಗಿಲ್ಲವೆಂಬಂತೆ ಮೇಲೆ ಬಂದರು.

ಸಂಕ್ರಾಂತಿಗೆ ಆಂಟಿ ಒಂದು ಡಬ್ಬ ತುಂಬ ಹಪ್ಪಳ ತಂದುಕೊಟ್ಟರು. "ಕೊತ್ತ ಡಿಜೈನ್ ಅಂಡಿ! ಎಲಾ ವಚ್ಚಿಂದೋ ನಾಕೇ ತೆಲೀದು" ಎಂದರು ಹೆಮ್ಮೆಯಿಂದ. ಹೊಸ ಡಿಸೈನು, ಹೇಗೆ ಬಂತೋ ಅವರಿಗೇ ಗೊತ್ತಿಲ್ಲವಂತೆ. ನಮ್ಮಿಬ್ಬರಿಗೂ ಗೊತ್ತಿತ್ತು, ಆದ್ದರಿಂದ ಇಬ್ಬರಿಗೂ ಅವತ್ತು ಹೊಟ್ಟೆ ಸರಿಯಿರಲಿಲ್ಲ. ಅತ್ತೆ ಮಾತ್ರ ಮತ್ತೆ ಮತ್ತೆ ಹಾಕಿಸಿಕೊಂಡು ತಿಂದು, "ಎಷ್ಟು ಅಚ್ಚುಕಟ್ಟಾಗಿ ಚುಕ್ಕಿ ಇಟ್ಟಿದಾಳೆ ನೋಡು, ನಿನಗೂ ಬರತ್ತೆ ರಂಗೋಲಿ!" ಎಂದು ನನ್ನನ್ನೇ ಹಂಗಿಸಿದರು.

ದೋಸೆ ಮಗುಚೋ ಕೈ

ಮುಂದಿನ ವರ್ಗಾವಣೆ ವಿಜಯವಾಡಕ್ಕೆ. ಪಟಮಟ ಬಡಾವಣೆಯಲ್ಲಿ ಮನೆ ಸಿಕ್ಕಿತು. ಬಚ್ಚಲು ವೈಜಾಗಿನದಕ್ಕಿಂತ ಚಿಕ್ಕದು, ಬಾಗಿಲು ಒಳಕ್ಕೆ ತೆರೆಯುವಂಥದ್ದು. ಯಜಮಾನರು ಒನ್ ಟೌನ್ ಪೇಟೆಯ ಸಗಟು ಅಂಗಡಿಯಿಂದ ಹಾಸಿಗೆಯಷ್ಟು ದಪ್ಪದ ಮ್ಯಾಟು ತಂದು ಈ ಸಲ ಒಳಗೇ ಹಾಸಿದರು. "ಒಳಗಿದ್ರೆ ಬಾಗಿಲಿಗೆ ಸಿಕ್ಕಿಕೊಳ್ಳತ್ತೆ" ಎಂದೆ. "ಏನೂ ಆಗಲ್ಲ" ಎಂದು ತಾವೇ ಮೊದಲು ಸ್ನಾನಕ್ಕೆ ಹೋದರು.

ಸ್ನಾನ ಮುಗಿಯಿತು, ಬಾಗಿಲು ಒಂದು ಗೇಣು ತೆರೆದು ನಿಂತಿತು. ಅವರು ಎಳೆದಷ್ಟೂ ಮ್ಯಾಟು ಮುದುರಿ ಬಾಗಿಲ ಅಡಿಗೆ ಸೇರಿಕೊಂಡಿತು.

"ಬಗ್ಗಿ ಮ್ಯಾಟು ಎಳೀರಿ!"

"ಬಗ್ಗಿದ್ರೆ ಹಿಂದೆ ಗೋಡೆ, ಮುಂದೆ ಬಾಗಿಲು. ಎಲ್ಲಿಗೇಂತ ಬಗ್ಗಲಿ?"

ನನಗೆ ಬ್ಯಾಂಕಿಗೆ ಹೊತ್ತಾಗಿತ್ತು. ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ತಂದು, ಸಂದಿಯಲ್ಲಿ ತೂರಿಸಿ ಮ್ಯಾಟನ್ನು ಹಿಂದಕ್ಕೆ ನೂಕತೊಡಗಿದೆ. ಅಷ್ಟರಲ್ಲಿ ಅತ್ತೆ "ಅಯ್ಯೋ, ಅಯ್ಯೋ, ಹೋಯ್ತಲ್ಲೇ!" ಎಂದು ಕೂಗುತ್ತಾ ಬಂದರು.

"ಏನೂ ಆಗಿಲ್ಲಮ್ಮ, ನಾನು ಚೆನ್ನಾಗಿದೀನಿ" ಎಂದರು ಒಳಗಿನಿಂದ ಮಗ.

"ನಿಂದಲ್ವೋ ನಾನು ಹೇಳ್ತಿರೋದು! ನನ್ನ ದೋಸೆ ಮಗುಚೋ ಕೈ!"

ಧಪ್

ಅವತ್ತಿನಿಂದ ಮ್ಯಾಟು ಮತ್ತೆ ಬಾಗಿಲಿನ ಹೊರಗೆ ಬಂತು. ಅತ್ತೆ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ಯಾರನ್ನೂ ಏನನ್ನೂ ಮುಟ್ಟದೆ ನೇರ ದೇವರ ಮುಂದೆ ಕೂರುವವರು. ಆ ಹೊತ್ತಿಗೆ ನಾವಿನ್ನೂ ಹಾಸಿಗೆಯಲ್ಲಿರುತ್ತೇವೆ. ಒಂದು ರಜಾ ದಿನ ನಾನು ಬೇಗ ಎದ್ದು ಕಾಫಿಗೆ ನೀರಿಟ್ಟಿದ್ದೆ. ಬಚ್ಚಲ ಬಾಗಿಲು ತೆರೆಯಿತು. ಅತ್ತೆ ನಿರಿಗೆ ಎತ್ತಿ ಹಿಡಿದರು, ಉಸಿರು ಬಿಗಿಹಿಡಿದರು, ಮ್ಯಾಟಿನ ಆಚೆಗೆ ಹಾರಿದರು. ಧಪ್!

ಕಾಫಿ ನೀರನ್ನು ಅಲ್ಲೇ ಬಿಟ್ಟು ಓಡಿದೆ. "ಅಮ್ಮಾ, ಏನು ಮಾಡ್ತಿದೀರಿ?"

"ಎಲ್ರೂ ತುಳಿದಿರೋದನ್ನ ತುಳಿದ್ರೆ ಮಡಿ ಎಲ್ಲುಳಿಯತ್ತೆ? ಅದಕ್ಕೇ ದಾಟ್ತೀನಿ."

"ಯಾವಾಗಿನಿಂದ?"

"ವೈಜಾಗಿನಿಂದ. ಅಲ್ಲಿ ಮ್ಯಾಟು ಸಣ್ಣದಿತ್ತು, ಸುಲಭ ಆಗ್ತಿತ್ತು. ಇವನು ತಂದಿರೋದು ಸ್ವಲ್ಪ ಅಗಲ ಆಯ್ತು."

ಅಮ್ಮ ಜಾರದಿರಲಿ ಎಂದು ಮಗ ಹಾಸಿದ ಮ್ಯಾಟಿನಿಂದಾಗಿ ಅಮ್ಮ ಎರಡು ಊರುಗಳಲ್ಲಿ ಒದ್ದೆ ಕಾಲಲ್ಲಿ ಲಾಂಗ್ ಜಂಪ್ ಮಾಡಿದ್ದರು! ನನಗೆ ಭಯವೂ ಆಯಿತು, ಗೆದ್ದೆನೆಂಬ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ. ಯಜಮಾನರು ಎದ್ದು ಬಂದು ವಿಷಯ ಕೇಳಿ, ಮ್ಯಾಟು ಸುತ್ತಿ ಅಟ್ಟಕ್ಕೆ ಹಾಕಿದರು. ಸಂಜೆಯೊಳಗೆ ಬಚ್ಚಲ ಬಾಗಿಲಿನ ಎರಡೂ ಕಡೆ ಗಟ್ಟಿ ಕಂಬಿ ಬಂತು, ಮೂಲೆಗೆ ಹೊಸ ವೈಪರ್ ಬಂತು.

ಒಂದು ಬಕೆಟ್ ನೀರು

ಮಾರನೆಯ ಬೆಳಿಗ್ಗೆ ಕಾವಲು ನಿಂತೆ. ನೆಲ ಒಣಗಿತ್ತು, ದಾರಿ ಖಾಲಿ. ಅತ್ತೆ ಕಂಬಿ ಹಿಡಿದರು. ನಿರಿಗೆ ಎತ್ತಿದರು. ಧಪ್!

"ಅಮ್ಮಾ, ಮ್ಯಾಟೇ ಇಲ್ಲವಲ್ಲ!"

"ಮ್ಯಾಟಿಲ್ಲ, ಮೈಲಿಗೆ ಎಲ್ಲಿ ಹೋಗತ್ತೆ? ಇಷ್ಟು ದಿನ ಅದು ಬಿದ್ದಿದ್ದ ಜಾಗ ತಾನೇ? ಒಂದು ಬಕೆಟ್ ನೀರು ಹಾಕಿ ತೊಳಿ, ಆಮೇಲೆ ನಡೀತೀನಿ."

ಇಷ್ಟೇ ತಾನೇ! ಮರುದಿನ ಅತ್ತೆ ಸ್ನಾನಕ್ಕೆ ಹೋದೊಡನೆ ಬಕೆಟ್ ತುಂಬ ನೀರು ತಂದು ಆ ಜಾಗಕ್ಕೆ ಸುರಿದೆ. ವೈಪರಿಗೆ ಕೈ ಹಾಕುವಷ್ಟರಲ್ಲಿ, "ಅಮ್ಮ ಇವತ್ತೂ ಹಾರ್ತಾರೇನೇ?" ಎಂದು ಯಜಮಾನರು ನಿದ್ದೆಗಣ್ಣಲ್ಲಿ ಓಡಿಬಂದರು. ಬಂದವರು ಸರ್ರನೆ ಜಾರಿ, ಮ್ಯಾಟು ಹಾಸುತ್ತಿದ್ದ ಜಾಗದಲ್ಲೇ ಅಡ್ಡಡ್ಡ ಬಿದ್ದರು.

ಬಿದ್ದಲ್ಲಿಂದಲೇ ನನ್ನತ್ತ ಬೆರಳು ತೋರಿಸಿದರು. "ನೋಡಿದ್ಯಾ? ಮ್ಯಾಟಿದ್ದಿದ್ರೆ ಬೀಳ್ತಿದ್ನಾ?"

ಅಷ್ಟರಲ್ಲಿ ಬಚ್ಚಲ ಬಾಗಿಲು ತೆರೆಯಿತು. ಮಡಿ ಸೀರೆಯಲ್ಲಿ ಅತ್ತೆ ನಿಂತು ಮಗನನ್ನು ನೋಡಿದರು.

"ಪೆಟ್ಟಾಯ್ತೇನೋ?"

"ಇಲ್ಲಮ್ಮ."

"ಹಾಗಾದ್ರೆ ಅಲ್ಲಾಡದೆ ಮಲಗಿರು" ಎಂದು ಅತ್ತೆ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ನಿರಿಗೆ ಎತ್ತಿದರು.

ಧಪ್!